ಕಾಗಾಲದವರೆಗಿನ ಭಾನುವಾರಗಳು

ಊರುಗಳ ಹೆಸರು ಮರೆತರು, ಮಗಳ ಹೆಸರು ಮರೆತರು, ಚಹಕ್ಕೆ ಸಕ್ಕರೆ ಹಾಕಿಕೊಂಡದ್ದನ್ನು ಮರೆತು ಮತ್ತೊಮ್ಮೆ ಹಾಕಿಕೊಂಡು ಮುಖ ಸಿಂಡರಿಸಿದರು. ಆದರೆ ಶ್ರೀಪಾದ ಮಾಸ್ತರು ಸೈಕಲ್ಲನ್ನು ಮರೆಯಲಿಲ್ಲ. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಒದ್ದು, ಆ ಕಾಲನ್ನು ಸೀಟಿನ ಮೇಲಿಂದ ಹಾಯಿಸಿ ಕೂತರೆಂದರೆ ಅವರ ಬಾಗಿದ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹಿಂದಿನಿಂದ ನೋಡಿದವರಿಗೆ ಈ ಮನುಷ್ಯನಿಗೆ ಏನೂ ಆಗಿಲ್ಲ ಅನ್ನಿಸಬೇಕು. ಅವರ ಹೆಂಡತಿ ಮಹಾಲಕ್ಷ್ಮಿ ಯಾವಾಗಲೂ ಹಿಂದಿನಿಂದಲೇ ನೋಡುತ್ತಿದ್ದಳು.

ಕುಮಟೆಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಲೆ ಮಾಸ್ತರು ಮಾಡಿದ ಮೊದಲ ಕೆಲಸವೆಂದರೆ ಹೆಂಡತಿಗೆ ಒಂದು ಲೇಡೀಸ್ ಸೈಕಲ್ ತಂದದ್ದು. ಐವತ್ತು ದಾಟಿದವಳು ಬೆಳಗಿನ ನಸುಕಿನಲ್ಲಿ ಕಾಲೇಜಿನ ಮೈದಾನದಲ್ಲಿ ಬಿದ್ದು ಎದ್ದು ಸೈಕಲ್ ಕಲಿತಳು. ಜೀವನದಲ್ಲಿ ಮೊದಲ ಬಾರಿಗೆ ಚೂಡಿದಾರ ಹಾಕಿದಳು. ಎದುರು ಮನೆಯವರು ಕಿಟಕಿಯಲ್ಲಿ ನಿಂತು ನಕ್ಕದ್ದು ಅವಳಿಗೆ ಗೊತ್ತಿತ್ತು. ಅವಳು ಅಂಜುಬುರುಕಿ. ಸಂಜೆ ತರಗತಿಗೆ ಹೋಗಿ ಟೈಪಿಂಗ್ ಕಲಿತು ಸೊಸೈಟಿಯಲ್ಲಿ ಕಾರಕೂನಿಕೆ ಮಾಡಿದವಳು. ಬಾಗಿಲಿಗೆ ಬೀಗ ಹಾಕಿ ಹೊರಟವಳು ಗೇಟಿನಿಂದ ವಾಪಸು ಬಂದು ಬೀಗ ಜಗ್ಗಿ ನೋಡುವವಳು. ಅಂಥವಳನ್ನು ಮಾಸ್ತರು ಭಾನುವಾರ ಬಂತೆಂದರೆ ಹೊರಡಿಸುತ್ತಿದ್ದರು. ಸೈಕಲ್ಲುಗಳನ್ನು ಟೆಂಪೋದ ಮೇಲೆ ಹೇರಿ ಭಟ್ಕಳಕ್ಕೆ ಹೋಗುವುದು, ಅಲ್ಲಿ ಗದ್ದೆ ಬದಿಯ ದಾರಿ ಹಿಡಿದು ಹಳೆಯ ಕಲ್ಲಿನ ದೇವಸ್ಥಾನಗಳನ್ನು ಸುತ್ತುವುದು. ಹೊನ್ನಾವರದಲ್ಲಿ ಇಳಿದು ಮಾವಿನಕುರ್ವೆಯಲ್ಲಿ ಹೊಳೆಯ ಗಾಳಿ ತಿನ್ನುವುದು. ಮಿರ್ಜಾನದ ಕೋಟೆಯ ಕಂದಕದ ಪಕ್ಕ ಕೂತು ಅವಲಕ್ಕಿ ತಿನ್ನುವುದು. ದೇವಸ್ಥಾನದ ಕಲ್ಲಿನಲ್ಲಿ ಕೆತ್ತಿದ ಬೇಟೆಗಾರನನ್ನೂ ಕುಣಿಯುವವಳನ್ನೂ ಬೆರಳಿಟ್ಟು ತೋರಿಸುತ್ತ ಅವರು ಅವಳೊಬ್ಬಳಿಗೇ ಇಡೀ ತರಗತಿಗೆ ಹೇಳುವ ದನಿಯಲ್ಲಿ ಪಾಠ ಹೇಳುತ್ತಿದ್ದರು.

ಆ ದಾರಿಗಳು ಒಂದೊಂದಾಗಿ ಮುಚ್ಚಿಕೊಂಡವು. ಭಟ್ಕಳದ ಪೇಟೆಯಲ್ಲಿ ಒಂದು ದಿನ ಮಾಸ್ತರು ಕಾಣೆಯಾದರು; ಹುಡುಕಿ ಹುಡುಕಿ ಅವಳು ಅಳುವ ಹೊತ್ತಿಗೆ, ನವಾಯತ ಮುಸ್ಲಿಮರ ಅಂಗಡಿಯೊಂದರಲ್ಲಿ ಶರಬತ್ತಿನ ಲೋಟ ಹಿಡಿದು ಕೂತಿದ್ದರು. "ಇವರು ತಮ್ಮ ಮನೆ ಎಲ್ಲಿ ಅಂತ ನಮ್ಮನ್ನೇ ಕೇಳ್ತಿದ್ದಾರಮ್ಮ," ಎಂದ ಅಂಗಡಿಯವನು, ತನ್ನದೇ ತಪ್ಪೇನೋ ಎಂಬಂತೆ. ಅಲ್ಲಿಗೆ ಭಟ್ಕಳ ಮುಗಿಯಿತು. ಹೊನ್ನಾವರದ ಸೇತುವೆಯ ನಡುವೆ ಲಾರಿಗಳೆದುರು ನಿಂತುಬಿಟ್ಟ ಮೇಲೆ ಹೊನ್ನಾವರ ಮುಗಿಯಿತು. ಮಿರ್ಜಾನಕ್ಕೆ ಹೆದ್ದಾರಿ ಹಿಡಿಯಬೇಕು, ಅದೂ ಆಗದ ಮಾತಾಯಿತು. ಕೊನೆಗೆ ಉಳಿದದ್ದು ಹೆಗಡೆ ಊರನ್ನು ಹಾದು ಕಾಗಾಲದವರೆಗೆ ಹೋಗುವ ಗದ್ದೆಬಯಲಿನ ದಾರಿ. ಅಂಗೈಯಷ್ಟು ಸಪಾಟು, ಏರಿಲ್ಲ ಇಳಿತವಿಲ್ಲ, ವಾಹನದ ಕಾಟವಿಲ್ಲ. ಎರಡೂ ಕಡೆ ನೀರಿನ ಕಾಲುವೆಗಳು, ನಡುವೆ ಮಣ್ಣಿನ ಕಟ್ಟೆ.

ಆ ದಾರಿಯಲ್ಲಿ ಅವಳಿಗೊಂದು ಆಸೆಯಿತ್ತು. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಮದುವೆಯಾದಂದಿನಿಂದ ಮಾಸ್ತರು ಅವಳನ್ನು ಕರೆಯುತ್ತಿದ್ದದ್ದು 'ಇದೇ' ಎಂದು. ಇದೇ, ಅಂಗಿ ಎಲ್ಲಿದ್ದು? ಇದೇ, ಬಾಗಿಲು ಹಾಕ್ಯ. ಈ ಮಳೆಗಾಲದಿಂದ ಮನೆಯೊಳಗೆ ಆ ಕರೆ ನಿಂತುಹೋಗಿತ್ತು. ಅವಳು ಅನ್ನ ಬಡಿಸಿದರೆ, ಮದುವೆಮನೆಯಲ್ಲಿ ಗುರುತಿಲ್ಲದವರು ಬಡಿಸಿದಾಗ ಹೇಳುವಂತೆ ಮೆಲ್ಲಗೆ "ಸಾಕು ಸಾಕು" ಅನ್ನುತ್ತಿದ್ದರು. ಆದರೆ ಸೈಕಲ್ ಹತ್ತಿ ಬಯಲಿಗೆ ಬಿದ್ದು ಗಾಳಿ ಮುಖಕ್ಕೆ ಬಡಿದಾಗ ಯಾವುದೋ ಒಂದು ಗಳಿಗೆಯಲ್ಲಿ, ಹಿಂತಿರುಗಿ ನೋಡದೆಯೇ, ಅವರು ಕೂಗುತ್ತಿದ್ದರು: "ಇದೇ, ಹಿಂದೆ ಇದ್ಯ?"

"ಇದ್ದೆ," ಅನ್ನುತ್ತಿದ್ದಳು ಅವಳು. ವಾರವಿಡೀ ಅವಳು ಬದುಕುತ್ತಿದ್ದದ್ದು ಆ ಮಾತಿಗೆ.

ಹೊನ್ನಾವರದ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ವಿಭಾಳಿಗೆ ಇದು ಗೊತ್ತಿರಲಿಲ್ಲ. ಹಿಂದಿನ ಭಾನುವಾರ ಮಾಸ್ತರು ಒಂದು ತಿರುವು ತಪ್ಪಿಸಿ ನೇರ ಹೋಗಿಬಿಟ್ಟಿದ್ದರು. ಮಹಾಲಕ್ಷ್ಮಿ ಹಿಂದಿನಿಂದ ಕೂಗಿದ್ದು ಅವರಿಗೆ ತಾಗಲೇ ಇಲ್ಲ. ಅಘನಾಶಿನಿಯ ದಡದಲ್ಲಿ ಬಲೆ ಒಣಗಿಸುವವರ ಅಂಗಳದಲ್ಲಿ ಕೊನೆಗೆ ಸಿಕ್ಕಿದ್ದರು. ಈ ಸುದ್ದಿ ಹೇಗೋ ತಿಳಿದು ವಿಭಾ ರಜೆ ಹಾಕಿ ಬಂದಳು.

"ಆಯಿ, ಸಾಕು ಇನ್ನು. ಸೈಕಲ್ ನಾ ಹೊನ್ನಾವರಕ್ಕೆ ತಗಂಡು ಹೋಗ್ತೆ."

"ಅದೊಂದೇ ಇಪ್ಪುದು ಅವಕ್ಕೆ."

"ಅವಕ್ಕಾ, ನಿಂಗಾ?"

ಮಹಾಲಕ್ಷ್ಮಿ ಕಾಯಿ ತುರಿಯುತ್ತ ಕೂತಳು.

"ಅಪ್ಪ ಕಾಲುವೆಗೆ ಬಿದ್ರೆ ಎಂತ ಮಾಡ್ತೆ? ನೀ ಹೋಯ್ ಹೋಯ್ ಹೇಳಿ ಕೂಗ್ತಾ ಇಪ್ಪುದು, ಅಂವ ತನ್ನ ಪಾಡಿಗೆ ಹೋಗ್ತಾ ಇಪ್ಪುದು. ಇದೆಂತ ಯಕ್ಷಗಾನನ?"

"ಒಂದು ಭಾನುವಾರ ಕೊಡು, ಮಗಾ. ಕರೆದ್ರೆ ನಿಲ್ತ್ರು. ನಿಲ್ಲದೇ ಹೋದ್ರೆ ನೀ ತಗಂಡು ಹೋಗು, ನಾ ಎಂತೂ ಹೇಳ್ತಿಲ್ಲೆ."

ವಿಭಾ ತಾಯಿಯ ಮುಖ ನೋಡಿದಳು. ಏನು ಕಂಡಿತೋ, ದನಿ ಇಳಿಸಿದಳು. "ಆತು. ಕರೆದಾಗ ನಿಂತ್ರೆ ಸರಿ. ಇಲ್ಲದಿದ್ರೆ ಸೋಮವಾರ ಟೆಂಪೋ ತಂದು ನಿಲ್ಲಸ್ತೆ."

ಕರೆಯುವುದು ಅಂದರೆ ಮಹಾಲಕ್ಷ್ಮಿಗೆ ಇದ್ದದ್ದು ಅದೊಂದೇ, ಹೋಯ್. ಅವಳ ತಾಯಿ, ಅತ್ತೆ, ಅಕ್ಕತಂಗಿಯರು ಯಾರೂ ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವರಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತೊಂದು ಮಾತು. ಅವಳೇನು ಅದನ್ನು ನಂಬಿರಲಿಲ್ಲ. ಆದರೆ ನಂಬದಿದ್ದರೂ ನಾಲಿಗೆ ಏಳುತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ "ಪೇಶೆಂಟ್ ಹೆಸರು ಹೇಳಿ" ಅಂದಾಗ ಅವಳು "ವಿಭಾನ ಅಪ್ಪ" ಅಂದಿದ್ದಳು. ಹುಡುಗಿ ಪೆನ್ನು ಎತ್ತಿ ಹಿಡಿದು ಕಾದಳು. ಕೊನೆಗೆ ಮಹಾಲಕ್ಷ್ಮಿ ಆಧಾರ್ ಕಾರ್ಡನ್ನು ಮುಂದೆ ಸರಿಸಬೇಕಾಯಿತು. ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ. ಮಾಸ್ತರ ಅಕ್ಕ ಗಂಗೆ ಬಾಗಿಲಿಗೆ ಎರಡೂ ಕೈ ಅಡ್ಡಹಿಡಿದು, "ಹೆಸರು ಹೇಳು, ಒಳಗೆ ಬಾ," ಎಂದು ಹಟ ಹಿಡಿದಿದ್ದಳು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವಳು ಆ ಗಂಗಕ್ಕ; ಆ ಮನೆಯಲ್ಲಿ ಶ್ರೀಪಾದಾ ಎಂದು ಬಾಯಿತುಂಬ ಕೂಗುತ್ತಿದ್ದವಳು ಅವಳೊಬ್ಬಳೇ. ಅವಳು ತೀರಿಕೊಂಡ ಮೇಲೆ ಆ ಹೆಸರನ್ನು ಕೂಗುವವರೇ ಇರಲಿಲ್ಲ. ಉಳಿದವರಿಗೆಲ್ಲ ಅವರು ಮಾಸ್ತರು, ಅಪ್ಪ, ಭಾವ, ಹೋಯ್.

ವಿಭಾ ಹೊನ್ನಾವರಕ್ಕೆ ಮರಳಿದಳು. ಭಾನುವಾರ ಬಂತು. ಮಹಾಲಕ್ಷ್ಮಿ ಬ್ರೇಕ್ ಒತ್ತಿ ನೋಡಿದಳು, ಗಾಳಿ ಒತ್ತಿ ನೋಡಿದಳು, ಇನ್ನೊಮ್ಮೆ ಬ್ರೇಕ್ ನೋಡಿದಳು. ಅವಲಕ್ಕಿಯ ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಬುಟ್ಟಿಯಲ್ಲಿಟ್ಟಳು. ಒಂದು ಹಗ್ಗ ತಂದು ಎರಡೂ ಸೈಕಲ್ಲುಗಳನ್ನು ಸೇರಿಸಿ ಕಟ್ಟಿದರೆ ಹೇಗೆ ಅಂತಲೂ ಯೋಚಿಸಿದಳು. ಹಟ್ಟಿಗೆ ಹೋಗುವ ಎಮ್ಮೆಗಳ ನೆನಪಾಗಿ ನಾಚಿಕೆಯಾಯಿತು. ಹಗ್ಗವನ್ನು ಇದ್ದಲ್ಲೇ ಇಟ್ಟಳು. ವಿಭಾ ಹೇಳಿದ್ದು ಸರಿಯೋ ಏನೋ. ತನ್ನ ಆಸೆಗೆ ಅವರನ್ನು ಅಪಾಯಕ್ಕೆ ಎಳೆಯುತ್ತಿದ್ದೇನೋ ಏನೋ. ಅಷ್ಟರಲ್ಲಿ ಮಾಸ್ತರು ಅಂಗಳದಲ್ಲಿ ಬೆಲ್ ಬಾರಿಸಿದರು.

ಹೆಗಡೆಯಲ್ಲಿ ನರೇಶನ ಚಹದಂಗಡಿಯ ಮುಂದೆ ಎಂದಿನಂತೆ ಇಳಿದರು. ನರೇಶ ಮಾಸ್ತರ ಹಳೆಯ ವಿದ್ಯಾರ್ಥಿ.

"ಎಂತ ಮಾಸ್ತರೇ, ಇವತ್ತು ಯಾವ ಕೋಟೆಗೆ ದಂಡಯಾತ್ರೆ?"

ಮಾಸ್ತರು ಹಿಂದೆ ತಿರುಗಿ ದಾರಿ ನೋಡಿದರು. ಯಾರೋ ಮಾಸ್ತರು ಬರುತ್ತಿರಬೇಕು ಅಂದುಕೊಂಡಿದ್ದರು ಅವರು. ಯಾರೂ ಕಾಣದಾಗ ನರೇಶನ ಕಡೆ ನೋಡಿ ಸೌಜನ್ಯಕ್ಕೆ ನಕ್ಕರು. ನರೇಶನ ನಗು ಅರ್ಧಕ್ಕೇ ನಿಂತಿತು. ಚಹದ ಲೋಟವನ್ನು ಮಾಸ್ತರ ಕೈಗೆ ಕೊಡುವಾಗ ಎರಡೂ ಕೈ ಸೇರಿಸಿ ಕೊಟ್ಟ.

"ಅಮ್ಮ, ನಾ ಬೇಕಾದ್ರೆ ಬೈಕಲ್ಲಿ ಹಿಂದೆ ಬರ್ಲಾ?" ಎಂದ ಮೆಲ್ಲಗೆ.

"ಬೇಡ ಮಾರಾಯಾ. ಅವರಿಗೆ ಬೈಕಿನ ಸದ್ದು ಆಗುದಿಲ್ಲ," ಎಂದಳು ಮಹಾಲಕ್ಷ್ಮಿ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಊರು ದಾಟಿ ಬಯಲಿಗೆ ಇಳಿದರೆ ಕಣ್ಣು ಹಾಯುವಷ್ಟು ದೂರ ನೀರು. ಹೊಳೆಯ ಉಪ್ಪುನೀರು ಹೊಕ್ಕರೂ ಸಾಯದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಅವು. ಕೊಯ್ಲು ಮುಗಿದಿತ್ತು. ಅಲ್ಲಿಯವರು ತೆನೆಯನ್ನಷ್ಟೇ ಕೊಯ್ದು ದಂಟನ್ನು ನೀರಲ್ಲೇ ಬಿಡುತ್ತಾರೆ. ತಲೆ ಹೋದ ದಂಟುಗಳು ಸಾಲುಸಾಲಾಗಿ ನಿಂತಿದ್ದವು, ಅವುಗಳ ನಡುವೆ ಬೆಳ್ಳಕ್ಕಿಗಳು. ಕಟ್ಟೆಯ ಉದ್ದಕ್ಕೂ ಅಲ್ಲಲ್ಲಿ ಜಂತ್ರಡಿ, ಅಂದರೆ ಹೊಳೆಯ ನೀರನ್ನು ಒಳಗೆ ಬಿಡುವ, ಹೊರಗೆ ಕಳಿಸುವ ಮರದ ಬಾಗಿಲು. ಕಡಲು ಉಕ್ಕಿ ಭರತ ಬಂದಾಗ ಅದರಡಿ ನೀರು ಗುಡುಗುಡು ಎಂದು ನುಗ್ಗುತ್ತದೆ. ಅದರ ಮೇಲೆ ಒಂದೆರಡು ಹಲಗೆ ಹಾಸಿರುತ್ತಾರೆ. ಜನ ದಾಟುವುದು ಆ ಹಲಗೆಯ ಮೇಲೆ. ಮಾಸ್ತರು ಸೈಕಲ್ಲಿನಿಂದ ಇಳಿಯದೆಯೇ ಅದನ್ನು ದಾಟುತ್ತಿದ್ದರು, ಮಹಾಲಕ್ಷ್ಮಿ ಇಳಿದು ದಾಟುತ್ತಿದ್ದಳು.

ಹಿಂದೆಲ್ಲ ಇಲ್ಲಿ ಬಂದಾಗ ಮಾಸ್ತರು ಹೇಳುತ್ತಿದ್ದರು: ಕೋಟೆ ಕಟ್ಟಿಸಿದವರು ಯಾರು ಅಂತ ಪರೀಕ್ಷೆಯಲ್ಲಿ ಕೇಳುತ್ತೇವೆ, ಹೊಳೆಗೆ ಈ ಕಟ್ಟೆ ಕಟ್ಟಿದವರು ಯಾರು ಅಂತ ಒಬ್ಬರೂ ಕೇಳುವುದಿಲ್ಲ. ಇವತ್ತು ಏನನ್ನೂ ಹೇಳಲಿಲ್ಲ. ಆದರೆ ಮುಖ ಎತ್ತಿ ಗಾಳಿ ಕುಡಿಯುತ್ತಿದ್ದರು. ಮಹಾಲಕ್ಷ್ಮಿ ಕಾದಳು. ಒಂದು ಜಂತ್ರಡಿ ದಾಟಿದರು. ಒಂಟಿ ತೆಂಗಿನಮರ ದಾಟಿದರು.

"ಇದೇ, ಹಿಂದೆ ಇದ್ಯ?"

"ಇದ್ದೆ!" ಎಂದಳು. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ.

"ಗಾಳಿ ಇದ್ದು. ವೇಲು ಜ್ವಾಕೆ."

ಅಷ್ಟೇ. ಆದರೆ ವೇಲಿನ ನೆನಪೂ ಇದೆಯಲ್ಲ! ಚೂಡಿದಾರದ ವೇಲು ಚೈನಿಗೆ ಸಿಕ್ಕುವುದೂ, ತಾವು ಇಳಿದು ಬಂದು ಬಿಡಿಸಿಕೊಡುವುದೂ ಅವರಲ್ಲಿ ಎಲ್ಲೋ ಉಳಿದಿದೆ. ಮಹಾಲಕ್ಷ್ಮಿಗೆ ಹಾಡಬೇಕು ಅನ್ನಿಸಿತು. ವಿಭಾಳಿಗೆ ಫೋನು ಮಾಡಿ, ನೋಡು ನಿನ್ನಪ್ಪ ಎಂತ ಹೇಳಿದ್ರು ಅನ್ನಬೇಕು ಅನ್ನಿಸಿತು. ಹೀಗೆ ಉಬ್ಬಿ ಹೋಗುತ್ತಿರುವಾಗಲೇ ವೇಲು ನಿಜವಾಗಿಯೂ ಚೈನಿಗೆ ಸಿಕ್ಕಿತು. ಇಳಿದಳು. ಕರೆದರೆ ನಿಲ್ಲುತ್ತಾರೆ, ಕರೆಯಬೇಕಿತ್ತು. ಆದರೆ ಒಂದು ಗಳಿಗೆಯ ಕೆಲಸ ಅಲ್ಲವೇ ಅಂದುಕೊಂಡು ಬಗ್ಗಿದಳು. ಎಣ್ಣೆ ಮೆತ್ತಿದ ಬಟ್ಟೆ ಹಲ್ಲಿನ ನಡುವೆ ಸುತ್ತಿಕೊಂಡಿತ್ತು. ಬಿಡಿಸಲು ಹೋದಷ್ಟೂ ಬಿಗಿಯಿತು. ಕೊನೆಗೆ ಹರಿದೇ ತೆಗೆದಳು.

ತಲೆ ಎತ್ತಿದಾಗ ಮಾಸ್ತರು ಬಹಳ ಮುಂದೆ ಹೋಗಿದ್ದರು. ಕಾಗಾಲಕ್ಕೆ ಬಲಕ್ಕೆ ತಿರುಗಬೇಕು. ಅವರು ತಿರುಗದೆ ಹಳೆಯ ಜಂತ್ರಡಿಯತ್ತ ನೇರ ಹೊಡೆಯುತ್ತಿದ್ದರು.

ಪಕ್ಕದ ಕಟ್ಟೆಯ ಮೇಲೆ ಸಣ್ಣಿ ಕೂತಿದ್ದಳು. ನೀರಿಳಿದ ಮೇಲೆ ಕೆಸರಿನಲ್ಲಿ ಬಳಚು ಚಿಪ್ಪು ಹೆಕ್ಕಲು ಬರುವವಳು, ಇವರಿಬ್ಬರನ್ನೂ ಪ್ರತಿ ಭಾನುವಾರ ನೋಡುವವಳು. ಅವಳು ಬುಟ್ಟಿ ಕೆಳಗಿಟ್ಟು ಎದ್ದು ನಿಂತಳು.

"ಅಮಾ! ಮಾಸ್ತರನ್ನ ನಿಲ್ಸಿ! ಜಂತ್ರಡಿ ರಿಪೇರಿ ಹೇಳಿ ಮೇಲಿನ ಹಲಗೆ ತೆಗ್ದು ಹಾಕಾರೆ! ಅಲ್ಲಿ ಬರೀ ನೀರು!"

ಅಮಾವಾಸ್ಯೆಯ ಭರತ. ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು.

"ಹೋಯ್!" ಮಹಾಲಕ್ಷ್ಮಿ ಸೈಕಲ್ ಬಿಟ್ಟು ಓಡಿದಳು. "ಹೋಯ್, ನಿಲ್ಲಿ! ಹೋಯ್!"

ದೂರದಲ್ಲಿ ದನ ಕಾಯುವವನೊಬ್ಬ ತನ್ನನ್ನೇ ಕರೆದರೇನೋ ಎಂದು ತಿರುಗಿದ. ಬೆಳ್ಳಕ್ಕಿಗಳು ಎದ್ದವು. ಮಾಸ್ತರು ತಿರುಗಲಿಲ್ಲ. ಹೋಯ್ ಅಂದರೆ ಯಾರಾದರೂ ಆಗಬಹುದು. ಲೋಕದಲ್ಲಿ ಎಷ್ಟು ಗಂಡಂದಿರಿಲ್ಲ!

"ಮಾಸ್ತರೇ! ಮಾಸ್ತರೇ, ನಿಲ್ರಾ!" ಸಣ್ಣಿಯ ಗಂಟಲು ಬಯಲಿಗೆಲ್ಲ ಕೇಳುವಂಥದ್ದು. ಅದಕ್ಕೆ ಮಾಸ್ತರು ಹ್ಯಾಂಡಲಿನಿಂದ ಒಂದು ಕೈ ತೆಗೆದು, ಹಿಂದೆ ಬರುತ್ತಿರುವ ಯಾವುದೋ ಮಾಸ್ತರಿಗೆ ದಾರಿ ಬಿಟ್ಟಂತೆ, ಕಟ್ಟೆಯ ಅಂಚಿಗೆ ಸರಿದರು. ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ.

ಮಹಾಲಕ್ಷ್ಮಿಗೆ ಇನ್ನು ಓಡಲಾಗಲಿಲ್ಲ. ಇನ್ನೇನು ಉಳಿದಿದೆ ಎಂದು ಯೋಚಿಸುವಷ್ಟು ಹೊತ್ತೂ ಇರಲಿಲ್ಲ. ಬಾಯಿ ತೆರೆದಳು, ಸ್ವರ ಬರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎರಡೂ ಕೈಯನ್ನು ಮುಷ್ಟಿ ಮಾಡಿ, ಹೊಟ್ಟೆಯೊಳಗಿಂದ ತಂದು ಕೂಗಿದಳು.

"ಶ್ರೀಪಾದಾ!"

ಅದು ಅವಳ ದನಿಯಂತಿರಲಿಲ್ಲ. ಸಂಜೆ ಹೊತ್ತು ಮಕ್ಕಳನ್ನು ಗದ್ದೆಯಿಂದ ಮನೆಗೆ ಕರೆಯುವವರ ದನಿಯಾಗಿತ್ತು.

ಮಾಸ್ತರು ಎರಡೂ ಬ್ರೇಕು ಹಿಡಿದು, ಕಾಲು ನೆಲಕ್ಕೆ ಊರಿ, ನಿಂತರು. ಸೈಕಲ್ಲಿನ ಮುಂದಿನ ಚಕ್ರದ ಎದುರು ಹಲಗೆ ಇರಬೇಕಾದಲ್ಲಿ ಏನೂ ಇರಲಿಲ್ಲ. ಕೆಳಗೆ ಕೆಂಪುನೀರು ಸುಳಿ ತಿರುಗುತ್ತ ಒಳನುಗ್ಗುತ್ತಿತ್ತು. ಅವರು ಅದನ್ನು ನೋಡಲೂ ಇಲ್ಲ. ತಿರುಗಿ, ಗದ್ದೆಬಯಲಿನ ಆಚೆಗೆಲ್ಲ ಕೇಳುವಂತೆ ಕೂಗಿದರು:

"ಬಂದೇ ಅಕ್ಕಾ! ಬೈಯಡ!"

ಮಹಾಲಕ್ಷ್ಮಿ ಕಟ್ಟೆಯ ಮೇಲೆ ಕುಸಿದು ಕೂತಳು. ಆಮೇಲೆ ಎದ್ದು ನಡೆದಳು. ಮಾಸ್ತರು ಆಗಲೇ ಸೈಕಲ್ಲನ್ನು ತಿರುಗಿಸಿಕೊಂಡು ನೂಕುತ್ತ ಎದುರು ಬರುತ್ತಿದ್ದರು. ತಲೆ ತಗ್ಗಿಸಿದ್ದರು. ಹತ್ತಿರ ಬಂದು ನಿಂತು, ಹೆಬ್ಬೆರಳಿನಿಂದ ಮಣ್ಣು ಕೆದರಿದರು.

"ನೀರು ನೋಡುಲೆ ಹೋಗಿದ್ದೆ, ಅಕ್ಕಾ."

"ನಾನು..." ಅವಳು ಅವರ ತೋಳು ಹಿಡಿದಳು. "ನೋಡಿ ಇಲ್ಲಿ. ನನ್ನ ಮುಖ ನೋಡಿ. ನಾನು ಯಾರು ಹೇಳಿ?"

ಮಾಸ್ತರು ನೋಡಿದರು. ಅವರ ಕಣ್ಣಲ್ಲಿ ಮೊದಲು ಗೊಂದಲ, ಆಮೇಲೆ ಹೆದರಿಕೆ ಕಾಣಿಸಿತು.

"ಎಂತಕ್ಕೆ ಅಕ್ಕಾ, 'ನೋಡಿ' ಹೇಳಿ ಹೇಳ್ತೆ? ನಂಗೆ ಬಹುವಚನ ಎಂತಕ್ಕೆ? ಅಷ್ಟು ಸಿಟ್ಟು ಬಂತಾ?"

ಮಹಾಲಕ್ಷ್ಮಿಯ ಕೈ ಸಡಿಲಾಯಿತು. ಇನ್ನೊಮ್ಮೆ 'ನೋಡಿ' ಅಂದರೆ ಅವರು ಅತ್ತುಬಿಡುತ್ತಾರೆ, ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಇಷ್ಟು ವರ್ಷ ಅವರನ್ನು ಅವಳು ನೀವು ಅಂದದ್ದು ಪ್ರೀತಿಗೆ, ಮರ್ಯಾದೆಗೆ. ಅಕ್ಕ ತಮ್ಮನಿಗೆ ನೀವು ಅಂದರೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಹಿಂದೆ ನೀರಿನ ಸದ್ದು ಕೇಳುತ್ತಲೇ ಇತ್ತು.

"ಸಿಟ್ಟಿಲ್ಲೆ," ಎಂದಳು. ಕಷ್ಟಪಟ್ಟು, ಮುಂದಿನ ಮಾತನ್ನು ಹೇಳಿದಳು. "ಬಾ."

ಮಾಸ್ತರ ಮುಖ ಅರಳಿತು. ಬಂದರು.

ಸಣ್ಣಿ ಓಡಿ ಬಂದವಳು ಏದುಸಿರು ಬಿಡುತ್ತ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಂತೂ ಹೆಸ್ರು ಹಿಡ್ದೇ ಕರದ್ರಿ ಅಮಾ!"

"ಕರಿಯದೆ ಎಂತ ಮಾಡೂದು ಸಣ್ಣಿ."

"ಅಲ್ಲ ಮತ್ತೆ! ನಮ್ಮವ ಆದ್ರೆ ನಾ ಕಲ್ಲೇ ಹೊಡಿತಿದ್ದೆ." ಸಣ್ಣಿ ನಗಿಸಲು ಹೇಳಿದ್ದು. ಮಹಾಲಕ್ಷ್ಮಿಯ ಮುಖ ನೋಡಿದವಳೇ, ಚೈನು ಕಳಚಿ ಬಿದ್ದಿದ್ದ ಅವಳ ಸೈಕಲ್ಲನ್ನು ತಾನೇ ನೂಕಿಕೊಂಡು ಬಂದು ಒಂಟಿ ತೆಂಗಿನಮರದ ಬುಡಕ್ಕೆ ಒರಗಿಸಿಕೊಟ್ಟಳು. "ಕೂತ್ಕಳಿ ಒಂಚೂರು. ಹಾಂಗೇ ಹೋಗ್ಬೇಡಿ," ಎಂದು ಹೇಳಿ ತನ್ನ ಬುಟ್ಟಿಯತ್ತ ಹೋದಳು.

ಮರದ ಬುಡದಲ್ಲಿ ಕೂತು ಡಬ್ಬಿ ಬಿಚ್ಚಿದರು. ಮಾಸ್ತರು ಹಸಿದವರಂತೆ ಅವಲಕ್ಕಿ ತಿಂದರು. ಸ್ವಲ್ಪ ತಿಂದ ಮೇಲೆ ನಿಲ್ಲಿಸಿ, ಡಬ್ಬಿಯನ್ನು ಮುಚ್ಚಲು ಹೋದರು.

"ತಿನ್ನು," ಎಂದಳು ಮಹಾಲಕ್ಷ್ಮಿ. ಹೇಳುವಾಗ ಆ ಏಕವಚನ ಬಾಯಲ್ಲಿ ಕಲ್ಲಿನಂತೆ ತಾಗಿತು.

"ಸ್ವಲ್ಪ ಮನೆಗೆ ಇರ್ಲಿ. ಅದು ಕಾಯ್ತಾ ಇಕ್ಕು."

"ಯಾರು?"

ಮಾಸ್ತರು ನಾಚಿಕೊಂಡರು. ಬಿಳಿಗಡ್ಡದ ಕುರುಚಲಿನ ಕೆಳಗೆ ಆ ನಾಚಿಕೆ ಹೊಸದಾಗಿ ಮದುವೆಯಾದ ಹುಡುಗನದು. ಅಂಗೈಯಿಂದ ಬಾಯಿ ಒರೆಸಿಕೊಂಡು, ನೀರಿನ ಕಡೆ ನೋಡುತ್ತ ಹೇಳಿದರು: "ಅದೇ... ಅದು. ಭಾರೀ ಹೆದರ್ತು ಅಕ್ಕಾ ಅದು. ಎಲ್ಲದಕ್ಕೂ ಹೆದರ್ತು. ಬೀಗ ಹಾಕಿದ್ರೂ ಮತ್ತೆ ಬಂದು ಜಗ್ಗಿ ನೋಡ್ತು."

ಮಹಾಲಕ್ಷ್ಮಿ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಕ್ಕಾ, ಒಂದು ಕೇಳ್ಲಾ? ಬೈಯುಲಿಲ್ಲೆ ಮತ್ತೆ." ಅವರು ದನಿ ತಗ್ಗಿಸಿದರು. "ಅದಕ್ಕೆ ಸೈಕಲ್ ಕಲಸ್ಲಾ? ಹಿತ್ತಲ ಗದ್ದೆಯಲ್ಲಿ, ಯಾರೂ ಕಾಣದ ಹಾಂಗೆ. ಕಲಸಿದ್ರೆ ಜನ ನಗ್ಯಾಡ್ತ ಹೇಳಿ ನೀನು ಹೇಳ್ತೆ, ನಂಗೆ ಗೊತ್ತಿದ್ದು. ಆದ್ರೂ."

ಮೇಲೆ ಹದ್ದೊಂದು ಸುತ್ತುತ್ತಿತ್ತು. ಮಹಾಲಕ್ಷ್ಮಿ ಅದರ ನೆರಳು ನೀರಿನ ಮೇಲೆ ಹೋಗುವುದನ್ನು ನೋಡುತ್ತ ಕೂತಳು. ಮದುವೆಯಾದ ಹೊಸತರಲ್ಲಿ ಇವರು ಇದನ್ನು ಕೇಳಿರಬೇಕು. ಅಡುಗೆಮನೆಯಲ್ಲೋ ಬಾವಿಕಟ್ಟೆಯಲ್ಲೋ, ಹೀಗೇ ದನಿ ತಗ್ಗಿಸಿ. ಗಂಗಕ್ಕ ಬೇಡವೆಂದಿರಬೇಕು. ಅವರು ಸುಮ್ಮನಾಗಿ, ನಿವೃತ್ತಿಯವರೆಗೆ ಸುಮ್ಮನಿದ್ದು, ಆಮೇಲೆ ಒಂದು ದಿನ ಏನೂ ಹೇಳದೆ ಲೇಡೀಸ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಎಂತಕ್ಕೆ ಇದು ಈ ವಯಸ್ಸಲ್ಲಿ ಅಂತ ಅವಳು ಆಗ ಗೊಣಗಿದ್ದಳು. ಅವರು ಕಾರಣ ಹೇಳಿರಲಿಲ್ಲ. ಈಗ ಹೇಳುತ್ತಿದ್ದಾರೆ, ಅವಳಿಗಲ್ಲ.

"ಕಲಸು," ಎಂದಳು. "ಕಲಸು ತಮಾ. ನಗುವವು ನಗಲಿ."

"ಖರೆ?"

"ಖರೆ."

ಮಾಸ್ತರು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಮುಚ್ಚಳ ಭದ್ರವಾಗಿ ಒತ್ತಿ, ಅವಳ ಪಾಲನ್ನು ಅವಳಿಗೆ ಕೊಡದೆ ಬುಟ್ಟಿಯಲ್ಲಿಟ್ಟರು.

ಕಾಗಾಲಕ್ಕೆ ಹೋಗಲಿಲ್ಲ. ಚೈನು ಏರಿಸಿ, ಬಂದ ದಾರಿಯಲ್ಲೇ ಹೊರಟರು. ಮಾಸ್ತರು ಮುಂದೆ, ಮಹಾಲಕ್ಷ್ಮಿ ಹಿಂದೆ. ಬೆನ್ನು ನೆಟ್ಟಗೆ ಇತ್ತು. ಕವಲು ಬಂದಾಗ ಅವಳು "ಶ್ರೀಪಾದಾ, ಎಡಕ್ಕೆ" ಎಂದಳು. ಅವರು ಎಡಕ್ಕೆ ತಿರುಗಿದರು. ಜಂತ್ರಡಿ ಬಂದಾಗ "ಶ್ರೀಪಾದಾ, ಇಳಿ" ಎಂದಳು. ಇಳಿದರು. ಇಷ್ಟು ವಿಧೇಯರಾಗಿ ಅವರು ಈ ದಾರಿಯಲ್ಲಿ ಎಂದೂ ಬಂದಿರಲಿಲ್ಲ. ಬಯಲು ಮುಗಿಯುವವರೆಗೂ ಅವಳು ಕಿವಿ ತೆರೆದೇ ಇಟ್ಟಿದ್ದಳು. ಗಾಳಿ ಈಗಲೂ ಅದೇ ಗಾಳಿ. ಹಿಂದೆ ಇದ್ಯ ಎಂದು ಅವರು ಕೇಳಲಿಲ್ಲ. ಅಕ್ಕ ಹಿಂದೆ ಇರುತ್ತಾಳೆಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಹೆಗಡೆಯ ಅಂಚಿಗೆ ಬಂದಾಗ ಫೋನು ಬಡಿದುಕೊಂಡಿತು. ಮಾಸ್ತರನ್ನು ಒಂದು ಹಲಸಿನಮರದ ನೆರಳಿನಲ್ಲಿ ನಿಲ್ಲಿಸಿ, ಅವಳು ಸ್ವಲ್ಪ ಆಚೆ ಬಂದು ಎತ್ತಿದಳು.

"ಆಯಿ, ಎಲ್ಲಿದ್ದೆ? ಎಂತ ಆತು? ಕರೆದಾಗ ನಿಂತ್ನಾ?"

ಅವಳು ಹೇಳಬಹುದಿತ್ತು. ಹಲಗೆಯಿಲ್ಲದ ಜಂತ್ರಡಿ, ಸುಳಿ, ವೇಲು, ಎಲ್ಲವನ್ನೂ. ಹೇಳಿದರೆ ನಾಳೆ ಟೆಂಪೋ ಬರುತ್ತದೆ. ಹೇಳುವುದೇ ಸರಿ ಅಂತಲೂ ಅವಳಿಗೆ ಅನ್ನಿಸಿತು. ಆದರೆ ಮಗಳು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಒಂದೇ ಇತ್ತು.

"ನಿಂತ್ರು," ಎಂದಳು. "ಒಂದೇ ಸಲಕ್ಕೆ."

"ಹೌದಾ!" ವಿಭಾಳ ದನಿ ಹಗುರಾಯಿತು. "ಹಾಂಗಾದ್ರೆ ಅಡ್ಡಿಲ್ಲೆ, ಆಯಿ. ನಾ ಸುಮ್ಮನೆ ಹೆದರಿದ್ದೆ. ಮುಂದಿನ ವಾರವೂ ಹೋಗಿ. ಅಪ್ಪ ಎಂತ ಮಾಡ್ತಾ ಇದ್ದ ಈಗ?"

"ಮರದ ಅಡಿಗೆ ನಿಂತಿದ್ರು."

"ನೀ ಅಳ್ತಾ ಇದ್ಯ?"

"ಇಲ್ಲೆ. ಗಾಳಿ."

ಫೋನು ಚೀಲದೊಳಗಿಟ್ಟು ಅವಳು ಸೈಕಲ್ಲಿನ ಹತ್ತಿರ ಬಂದಳು. ಹಲಸಿನಮರದಡಿ ಮಾಸ್ತರು ಒಂದು ಕಾಲು ಪೆಡಲಿನ ಮೇಲಿಟ್ಟು, ಅವಳತ್ತ ಬೆನ್ನು ಮಾಡಿ, ದಾರಿ ನೋಡುತ್ತ ನಿಂತಿದ್ದರು. ಕರೆಯುವವರೆಗೆ ಅವರು ಅಲುಗುವವರಲ್ಲ.

"ಹೋಯ್," ಎಂದಳು ಮಹಾಲಕ್ಷ್ಮಿ, ಮೆಲ್ಲಗೆ. ಅವರಿಗೆ ಕೇಳುವಷ್ಟೇ.

ಕೇಳಿಸಿತು. ಅವರು ಅತ್ತಿತ್ತ ನೋಡಿದರು, ಯಾರೋ ಹೆಂಗಸು ಯಾರನ್ನೋ ಕರೆಯುತ್ತಿದ್ದಾಳೆ ಅನ್ನುವಂತೆ. ಮತ್ತೆ ದಾರಿಯ ಕಡೆ ಮುಖ ಮಾಡಿ ನಿಂತರು.

ಅವಳು ಕಣ್ಣೊರೆಸಿಕೊಂಡು, ಸೈಕಲ್ ಹತ್ತಿ, ಹೆಸರು ಹಿಡಿದು ಕರೆದಳು.